ಹತ್ತು ನಿಮಿಷದ ತಪಾಸಣೆಯಲ್ಲಿ ಕಾಣದ ನಡುಕ

ಮಾನ್ಯ ಸಂಪಾದಕರೇ,

ಪಾರ್ಕಿನ್ಸನ್ ಕಾಯಿಲೆ ಇರುವವರಿಗೆಂದು ಬಂದಿರುವ ಕೈಗಡಿಯಾರ ಮತ್ತು ಮೊಬೈಲ್ ಆ್ಯಪ್‌ಗಳ ಕುರಿತ ಬರಹಗಳಲ್ಲಿ ಸಾಧನದ ಗುಣಗಾನ ಧಾರಾಳವಾಗಿರುತ್ತದೆ. ಅದು ದಾಖಲಿಸಿದ್ದನ್ನು ಓದುವವರು ಯಾರು ಎಂಬ ಪ್ರಶ್ನೆ ಮಾತ್ರ ಬಹುತೇಕ ಇರುವುದಿಲ್ಲ. ಒಂಬತ್ತು ವರ್ಷಗಳಿಂದ ಈ ಕಾಯಿಲೆಯೊಂದಿಗೆ ಬದುಕುತ್ತಿರುವ ತಂದೆಯನ್ನು ನೋಡಿಕೊಳ್ಳುತ್ತಿರುವ ನಾನು ಈ ಪತ್ರ ಬರೆಯುತ್ತಿರುವುದು ಆ ಪ್ರಶ್ನೆಯನ್ನು ಎತ್ತುವುದಕ್ಕಾಗಿ.

ಈ ಕಾಯಿಲೆಯ ಮುಖ್ಯ ಔಷಧವಾದ ಲೆವೊಡೋಪಾ ಮಾತ್ರೆ ನುಂಗಿದ ಒಂದು ಗಂಟೆಗೆ ತಂದೆಯವರು ಪತ್ರಿಕೆ ಹಿಡಿದು ಓದುತ್ತಾರೆ. ಮುಂದಿನ ಮಾತ್ರೆಗೆ ಇನ್ನೂ ಒಂದು ಗಂಟೆ ಇರುವಾಗ ಸ್ನಾನ ಮುಗಿಸಿ ಬಂದರೆ ಅಂಗಿಯ ಮೂರನೆಯ ಗುಂಡಿಯ ಹತ್ತಿರ ಬೆರಳು ನಿಂತುಬಿಡುತ್ತದೆ. ಹೊಸ್ತಿಲು ದಾಟುವಾಗ ಪಾದ ನೆಲಕ್ಕೆ ಅಂಟಿದಂತಾಗುತ್ತದೆ. ಅದೇ ಮನುಷ್ಯ ವೈದ್ಯರ ಕೊಠಡಿಯಲ್ಲಿ ನೆಟ್ಟಗೆ ನಡೆದು ತೋರಿಸಿ, ಹೇಗಿದ್ದೀರಿ ಎಂದರೆ ‘ಪರವಾಗಿಲ್ಲ’ ಎನ್ನುತ್ತಾರೆ. ಅರ್ಧ ಗಂಟೆಗೊಮ್ಮೆ ಸ್ಥಿತಿಯನ್ನು ಬರೆದಿಡುವ ದಿನಚರಿಯನ್ನೂ ವೈದ್ಯರು ಕೊಟ್ಟಿದ್ದರು. ಸಾಲು ಮುಗಿಯುವಷ್ಟರಲ್ಲಿ ಅಕ್ಷರ ಇರುವೆಯಷ್ಟಾಗುವ ಕೈಯಲ್ಲಿ ಅದನ್ನು ತುಂಬುವುದು ಸುಲಭವಲ್ಲ. ಎಷ್ಟೋ ಸಂಜೆ ಇಡೀ ದಿನದ್ದನ್ನು ನೆನಪಿನಿಂದ ನಾನೇ ತುಂಬಿದ್ದೇನೆಂದು ಒಪ್ಪಿಕೊಳ್ಳುತ್ತೇನೆ.

ಗಡಿಯಾರದ ನಿಜವಾದ ಉಪಯೋಗ ಇಲ್ಲಿದೆ. ಅದರೊಳಗಿನ ಆಕ್ಸಿಲರೋಮೀಟರ್ ಕೈಯ ಚಲನೆಯನ್ನು ಬಿಡುವಿಲ್ಲದೆ ಅಳೆಯುತ್ತದೆ. ವಿಶ್ರಾಂತಿಯಲ್ಲಿದ್ದಾಗ ಬರುವ ಈ ಕಾಯಿಲೆಯ ನಡುಕಕ್ಕೆ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿಯ ಒಂದು ಲಯವಿದೆ. ವರ್ಷಗಟ್ಟಲೆ ಲೆವೊಡೋಪಾ ತೆಗೆದುಕೊಂಡವರಲ್ಲಿ ಕಾಣುವ, ಮೈ ತಾನಾಗಿಯೇ ತೊನೆದಾಡುವ ಡಿಸ್ಕೈನೀಸಿಯಾಕ್ಕೆ ಅಂಥ ಲಯವಿಲ್ಲ. ಮನೆಯವರಾದ ನಾವು ಎರಡನ್ನೂ ‘ನಡುಕ’ ಎಂದೇ ಹೇಳಿಬಿಡುತ್ತೇವೆ. ಆದರೆ ಮೊದಲನೆಯದು ಔಷಧ ಸಾಲದೆಂಬುದರ ಸೂಚನೆಯಾಗಿದ್ದರೆ, ಎರಡನೆಯದು ಅನೇಕ ವೇಳೆ ಔಷಧ ಹೆಚ್ಚಾಯಿತೆಂಬುದರ ಸೂಚನೆ. ತಪ್ಪಾಗಿ ವರದಿ ಮಾಡಿದರೆ ಚಿಕಿತ್ಸೆಯೇ ತಿರುವುಮುರುವಾಗುತ್ತದೆ.

ಇಂಥ ದಾಖಲೆಗೂ ಮಾತ್ರೆಯ ವೇಳೆ ಜೊತೆಗಿರದಿದ್ದರೆ ಬೆಲೆಯಿಲ್ಲ. ಮೊದಲ ಸಲ ಮೂರು ತಿಂಗಳ ಗ್ರಾಫ್‌ಗಳನ್ನು ಮುದ್ರಿಸಿ ಕಟ್ಟಿನಂತೆ ಒಯ್ದಾಗ ತಜ್ಞರು ಮೇಲಿನ ಹಾಳೆಯನ್ನಷ್ಟೇ ನೋಡಿ ಬದಿಗಿಟ್ಟರು. ಬೇಸರವಾಯಿತಾದರೂ, ಹೊರಗೆ ಕುಳಿತಿದ್ದವರ ಸಾಲನ್ನು ನೋಡಿದ ಮೇಲೆ ಅವರನ್ನು ದೂರುವ ಮನಸ್ಸಾಗಲಿಲ್ಲ. ಮುಂದಿನ ಭೇಟಿಗೆ ಒಂದೇ ವಾರದ ದಾಖಲೆಯನ್ನು ಒಂದೇ ಹಾಳೆಗೆ ಇಳಿಸಿ, ಮಾತ್ರೆಯ ಮತ್ತು ಊಟದ ಹೊತ್ತನ್ನು ಕೆಂಪು ಶಾಯಿಯಲ್ಲಿ ಗುರುತಿಸಿ ಒಯ್ದೆ. (ಪ್ರೋಟೀನ್ ಹೆಚ್ಚಿರುವ ಊಟ ಲೆವೊಡೋಪಾ ಹೀರಿಕೆಗೆ ಅಡ್ಡಿಯಾಗಬಲ್ಲದು.) ಅವರು ದಿನದ ಒಟ್ಟು ಪ್ರಮಾಣವನ್ನು ಹೆಚ್ಚಿಸದೆ, ಅದನ್ನೇ ಚಿಕ್ಕ ಪಾಲುಗಳಾಗಿ ಹತ್ತಿರ ಹತ್ತಿರದ ವೇಳೆಗಳಿಗೆ ಹಂಚಿದರು. ಮೂರನೆಯ ಗುಂಡಿಯನ್ನು ತಂದೆಯವರು ಈಗ ಎಲ್ಲ ದಿನವೂ ಅಲ್ಲದಿದ್ದರೂ ಹೆಚ್ಚಿನ ದಿನಗಳಲ್ಲಿ ತಾವೇ ಹಾಕಿಕೊಳ್ಳುತ್ತಾರೆ.

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2023ರಲ್ಲಿ ದೂರದಿಂದ ನಿಗಾ ಇಡುವ 5 ಸಾಧನಗಳ ಬಳಕೆಗೆ ಒಪ್ಪಿಗೆ ಸೂಚಿಸಿದಾಗಲೂ, ಇನ್ನಷ್ಟು ಪುರಾವೆ ಕಲೆಹಾಕಬೇಕೆಂಬ ಷರತ್ತು ಹಾಕಿತ್ತು. ಆ ಎಚ್ಚರ ಸರಿಯಾದುದೇ. ಒಂದು ಮಣಿಕಟ್ಟಿನ ಗಡಿಯಾರಕ್ಕೆ ಇನ್ನೊಂದು ಬದಿಯ ಕೈ ಕಾಣದು. ಮಲಬದ್ಧತೆ, ಎದ್ದು ನಿಂತೊಡನೆ ಇಳಿಯುವ ರಕ್ತದೊತ್ತಡ, ಮಂಕಾದ ಮನಸ್ಸು ಇವು ಯಾವುವೂ ಕೈಯ ಚಲನೆಯಿಂದ ತಿಳಿಯುವಂಥವಲ್ಲ. ಅದೇ ವರ್ಷ ಬ್ರಿಟನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಒಂದೊಂದು ವಾರದ ಚಲನೆಯ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು, ರೋಗನಿರ್ಣಯಕ್ಕೆ ವರ್ಷಗಳ ಮೊದಲೇ ಕಾಯಿಲೆಯ ಸುಳಿವು ಸಿಗಬಹುದೆಂದು ತೋರಿಸಿತು. ವಿಜ್ಞಾನಕ್ಕೆ ಅದು ದೊಡ್ಡ ಸಂಗತಿ. ಆದರೆ ಕಾಯಿಲೆಯ ಓಟವನ್ನೇ ತಡೆಯುವ ಔಷಧ ಇನ್ನೂ ಇಲ್ಲದಿರುವಾಗ, ಆರೋಗ್ಯವಂತರೊಬ್ಬರಿಗೆ ಗಡಿಯಾರದ ಮೂಲಕ ಆ ಸುದ್ದಿ ಮುಟ್ಟಿಸುವುದು ನನಗಂತೂ ಒಪ್ಪಿತವಲ್ಲ.

ಆದ್ದರಿಂದ ಈ ಸಾಧನಗಳ ಬಗ್ಗೆ ಮುಂದೆ ಬರೆಯುವಾಗ ತಮ್ಮ ವರದಿಗಾರರು ತಯಾರಕರನ್ನು ಮೂರು ಸಂಗತಿ ಕೇಳಬೇಕೆಂದು ವಿನಂತಿ: ವಾರದ ದಾಖಲೆ ಒಂದು ಪುಟದಲ್ಲಿ ವೈದ್ಯರ ಕೈಗೆ ಸಿಗುತ್ತದೆಯೇ, ಅದನ್ನು ಓದುವ ವೇಳೆಯನ್ನು ಚಿಕಿತ್ಸೆಯ ಭಾಗವೆಂದು ಯಾರಾದರೂ ಲೆಕ್ಕಹಾಕಿದ್ದಾರೆಯೇ, ರೋಗಿ ಗಡಿಯಾರವನ್ನು ಬಿಚ್ಚಿಟ್ಟ ಮೇಲೆ ಆ ಮಾಹಿತಿ ಯಾರ ಬಳಿ ಉಳಿಯುತ್ತದೆ.

ಇತಿ,
ಒಬ್ಬ ಓದುಗ