ಶಬ್ದದಿಂದ ಗಾಳಿ ಅಳೆಯುವ ಬಗ್ಗೆ: ಭಾನುವಾರ ಸೇರೋಣ

ಎಲ್ಲರಿಗೂ ನಮಸ್ಕಾರ. ಮೊನ್ನೆಯ ಗಾಳಿಗೆ ನಮ್ಮ ತೋಟದಲ್ಲಿ ಎರಡು ಸಿಲ್ವರ್ ಓಕ್ ಮರಗಳ ತುದಿ ಮುರಿದು ಬಿತ್ತು. ಕೆಳಗೆ ಕಾಫಿ ಗಿಡದ ಎಲೆ ಸರಿಯಾಗಿ ಅಲುಗಿರಲಿಲ್ಲ. ಮೇಲಿನ ಗಾಳಿಯೇ ಬೇರೆ, ಅಲ್ವಾ?

ಅದನ್ನು ಎತ್ತರದ ಕಂಬ ನೆಡದೆ ಅಳೆಯುವ ಯಂತ್ರ ಸೋಡಾರ್. ನೆಲದಲ್ಲಿ ಕೂತು ಮೇಲಕ್ಕೆ ಚಿಕ್ಕದಾಗಿ ಕೂಗುತ್ತದೆ, ಆಮೇಲೆ ಸುಮ್ನೆ ಕಿವಿಗೊಟ್ಟು ಕೇಳುತ್ತದೆ. ಬಿಸಿ, ತಣ್ಣನೆ ಗಾಳಿ ಕಲಸಿಕೊಂಡ ಕಡೆಯಿಂದ ತುಂಬಾ ಸಣ್ಣ ಪ್ರತಿಧ್ವನಿ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹೋಗುವುದು ಅರ್ಧ ದಾರಿ, ಬರುವುದು ಅರ್ಧ ದಾರಿ, ಹಾಗಾಗಿ ಒಂದು ಸೆಕೆಂಡಿಗೆ ಮರಳಿದ್ದು ಸುಮಾರು 170 ಮೀಟರ್ ದೂರದ್ದು. ಘಾಟಿ ತಿರುವಿನಲ್ಲಿ ಹತ್ತಿರ ಬರುವ ಬಸ್ಸಿನ ಹಾರನ್ ತೀಕ್ಷ್ಣ, ದಾಟಿದ ಮೇಲೆ ಮಂದ. ಪ್ರತಿಧ್ವನಿಯ ಸ್ವರವೂ ಹಾಗೇ ಬದಲಾಗುತ್ತದೆ, ಅದರಿಂದ ಗಾಳಿಯ ವೇಗ ಸಿಗುತ್ತದೆ. ಒಂದು ಕೂಗು ನೇರ ಮೇಲಕ್ಕೆ, ಎರಡು ಓರೆಯಾಗಿ ಹೋದರೆ ದಿಕ್ಕೂ ಗೊತ್ತಾಗುತ್ತದೆ.

ಜೋರು ಮಳೆಯಲ್ಲಿ ಹನಿಗಳ ಸದ್ದು ಪ್ರತಿಧ್ವನಿಯನ್ನು ನುಂಗಿಬಿಡುತ್ತದೆ. ನಮ್ಮ ಜುಲೈಗೆ ಇದು ಕಷ್ಟವೇ. ಆದರೂ ಮಂಜು ಕೂರುವ ಜನವರಿ ಬೆಳಗಿಗೆ ಇದಕ್ಕಿಂತ ಒಳ್ಳೆ ಸಾಧನ ನನಗೆ ತೋಚುತ್ತಿಲ್ಲ.

ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಕಣಕ್ಕೆ ಬನ್ನಿ, ಚಿತ್ರ ಬರೆದು ತೋರಿಸುತ್ತೇನೆ. ಮಳೆ ಲೆಕ್ಕದ ಪುಸ್ತಕ ತನ್ನಿ. ಮರ ಬಿದ್ದ ದಿಕ್ಕು, ಹೊತ್ತು ಬರೆದಿಟ್ಟಿದ್ದರೆ ಅದನ್ನೂ ತನ್ನಿ.