ಕೆಳಗಿನ ಮನೆಯ ಬಾವಿ

ಬಾಯಾರು

ಚಿ. ಶ್ರೀಹರಿಗೆ ದೊಡ್ಡಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ.

ದಿಲ್ಲಿಯಲ್ಲಿ ನೀರಿನ ನೀತಿ ಬರೆಯುವವರ ಜೊತೆ ಕೆಲಸಕ್ಕೆ ಸೇರಿದೆಯಂತೆ, ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಸಂತೋಷ. ಸುಸ್ಥಿರ ಅಭಿವೃದ್ಧಿಯ 17 ಗುರಿಗಳಲ್ಲಿ ಆರನೆಯದು ನೀರು, 2030ರೊಳಗೆ ಮುಟ್ಟಬೇಕು ಎಂದು ನೀನೇ ಒಮ್ಮೆ ಜಗಲಿಯಲ್ಲಿ ಕೂತು ವಿವರಿಸಿದ್ದೆ. ಗುರಿಗೆ ನನ್ನ ತಕರಾರಿಲ್ಲ.

ನಮ್ಮ ಗುಡ್ಡೆಯ ಸುರಂಗ ನೆನಪಿದೆಯಲ್ಲ? ಬಾವಲಿಗೆ ಹೆದರಿ ನೀನು ಹತ್ತು ಹೆಜ್ಜೆ ಒಳಗೆ ಹೋದವನಲ್ಲ. ಅಜ್ಜ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆಯಿಸಿದ್ದು ಅದು. ಒರತೆಯ ನೀರು ತಾನಾಗಿ ಹರಿದು ಮದಕಕ್ಕೆ ಬೀಳುತ್ತದೆ, ಕರೆಂಟು ಬೇಡ. ಎಪ್ರಿಲಿನಲ್ಲಿ ಧಾರೆ ಸಣ್ಣಗಾದದ್ದು ಕಣ್ಣಿಗೇ ಕಾಣುತ್ತದೆ, ಸರದಿ ಹಾಕಿಕೊಳ್ಳುತ್ತೇವೆ. ಬೋರ್‌ವೆಲ್ ಹಾಗಲ್ಲ. ನಾನೂ ಒಂದು ತೆಗೆಸಿದವನೇ. ಸ್ವಿಚ್ ಒತ್ತಿದರೆ ನೀರು, ಅಡಿಯಲ್ಲಿ ಎಷ್ಟು ಉಳಿದಿದೆಯೋ ಯಾರಿಗೆ ಗೊತ್ತು? ಮೂರನೇ ಬೇಸಗೆಗೆ ಕೆಳಗಿನ ಮನೆಯ ಬಾವಿ ಬತ್ತಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ, ಮಾರಾಯ! ಅವರು ಒಂದು ಮಾತೂ ಆಡಲಿಲ್ಲ. ಕೊಡ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಆ ನಾಚಿಕೆಯಲ್ಲೇ ನಾನು ನೆರೆಕರೆಯವರನ್ನು ಸೇರಿಸಿ ನೀರು ನಿಂತು ನೆಲಕ್ಕೆ ಇಂಗಲೆಂದು ತೋಡಿಗೆ ಅಡ್ಡಲಾಗಿ ಮತ್ತೆ ಕಟ್ಟ ಕಟ್ಟಿಸಲು ಹೊರಟದ್ದು.

ಪಂಜಾಬಿನಲ್ಲಿ ಉಚಿತ ಕರೆಂಟು, ಭತ್ತಕ್ಕೆ ಬೆಂಬಲ ಬೆಲೆ ಎರಡೂ ಸೇರಿ ಅಂತರ್ಜಲ ಇಳಿಯಿತು. ನೀರು ಉಳಿಸಲೆಂದು 2009ರಲ್ಲಿ ನಾಟಿಯನ್ನು ಮುಂದೂಡುವ ಕಾನೂನು ಬಂತು. ಕೊಯ್ಲೂ ತಡವಾಯಿತು, ಗೋಧಿ ಬಿತ್ತಲು ದಿನ ಸಾಲದಾಯಿತು, ಕೂಳೆಗೆ ಬೆಂಕಿ ಹಾಕುವುದು ಗಾಳಿ ಬೀಸದ ನವೆಂಬರಿಗೆ ಜರುಗಿತು. ಆ ಹೊಗೆಗೆ ನೀನು ದಿಲ್ಲಿಯಲ್ಲಿ ಕೆಮ್ಮುವಾಗ ನೆನಪಿಟ್ಟುಕೊ, ಆ ಕಾನೂನು ಬರೆದವರೂ ಒಳ್ಳೆಯದನ್ನೇ ಬಯಸಿದ್ದರು.

ಹಾಗಾಗಿ ಏನನ್ನಾದರೂ ನಿಲ್ಲಿಸಿ ಎಂದು ಬರೆಯುವ ಮೊದಲು, ಮರುದಿನ ಬೆಳಗ್ಗೆ ಅವರು ಏನು ಮಾಡಬೇಕು ಎಂಬುದನ್ನೂ ಬರೆ. ಅಂತರ್ಜಲ ಎತ್ತಿ ಎತ್ತಿ ಟೋಕಿಯೋ ನಗರದ ನೆಲ ಹಿಂದೆ ಕುಸಿಯುತ್ತಿತ್ತು. ಕಾರ್ಖಾನೆಗಳಿಗೆ ಬೇರೆ ನೀರು ಕೊಟ್ಟು, ಜೊತೆಗೆ ಪಂಪಿಗೆ ಕಡಿವಾಣ ಹಾಕಿದ ಮೇಲೆ ಹತೋಟಿಗೆ ಬಂತು. ಜಕಾರ್ತವೂ ಹಾಗೆಯೇ ಕುಸಿಯುತ್ತಿದೆ, ಆದರೆ ಅಲ್ಲಿ ಎಷ್ಟೋ ಮನೆಗಳಿಗೆ ಇನ್ನೂ ನಲ್ಲಿಯೇ ಮುಟ್ಟಿಲ್ಲ. ಬೋರು ಮುಚ್ಚಿ ಎಂದರೆ ಅವರು ಕುಡಿಯುವುದೇನನ್ನು?

ಡಿಸೆಂಬರಿನಲ್ಲಿ ಕಟ್ಟದ ಕೆಲಸವಿದೆ. ಮಣ್ಣು ಹೊರುವವರು ಸಿಗುವುದಿಲ್ಲ, ಈಗ ಪ್ಲಾಸ್ಟಿಕ್ ಶೀಟೇ ಗತಿ. ನಾಲ್ಕು ದಿನ ರಜೆ ಹಾಕಿ ಬಾ. ಕೆಳಗಿನ ಮನೆಯವರೂ ನಿನ್ನನ್ನು ಕೇಳುತ್ತಿದ್ದರು.

ಇತಿ,
ನಿನ್ನ ದೊಡ್ಡಪ್ಪ