ಹೊಟ್ಟು, ಜಾಲಿ, ಜೊಂಡು: ಎಂಟು ಮತ್ತು ಒಂಬತ್ತನೇ ತರಗತಿಯ ಪಾಲಕರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಮಾನ್ಯ ಪಾಲಕರೇ,

ನಮಸ್ಕಾರಗಳು.

ನಿಮ್ಮ ಮಕ್ಕಳು ಕೆಲವು ವಾರಗಳಿಂದ ಭತ್ತದ ಹೊಟ್ಟು, ಜಾಲಿ ಇದ್ದಿಲು, ಒಣಗಿದ ನುಗ್ಗೆಕಾಯಿ ಎಂದು ಹಿತ್ತಲಲ್ಲೆಲ್ಲ ಹುಡುಕಾಡುತ್ತಿರುವುದನ್ನು ನೋಡಿದ್ದೀರಿ. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇದರ ಮಾತು ಬಂತು. ಓದುವುದನ್ನು ಬಿಟ್ಟು ಇದೇನು ಕಸದ ಕೆಲಸ ಎಂದು ಕೆಲವರು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ ಅದು. ಕಟಾವಿನ ದಿನಗಳಾದ್ದರಿಂದ ಹೆಚ್ಚಿನವರಿಗೆ ಸಭೆಗೆ ಬರಲು ಆಗಿರಲಿಲ್ಲ. ಎಲ್ಲರಿಗೂ ತಿಳಿಯಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ರಾತ್ರಿ ಊಟವಾದ ಮೇಲೆ ಮಕ್ಕಳಿಂದಲೇ ಓದಿಸಿ ಕೇಳಿ.

ನಮ್ಮ ತಾಲ್ಲೂಕನ್ನು ಭತ್ತದ ಕಣಜ ಎನ್ನುತ್ತಾರೆ. ಕಣಜದ ಬೆನ್ನಿಗೇ ಹೊಟ್ಟಿನ ರಾಶಿಯೂ ಬರುತ್ತದೆ. ಒಂದು ಕ್ವಿಂಟಲ್ ಭತ್ತ ಮಿಲ್ಲಿಗೆ ಹೋದರೆ ಸುಮಾರು 20 ಕೆಜಿ ಹೊಟ್ಟು ಬೀಳುತ್ತದೆ. ಆ ಹೊಟ್ಟನ್ನು ಬಾಯ್ಲರಿಗೆ ಹಾಕಿ ಸುಟ್ಟರೆ ಅದರ ಐದರಲ್ಲಿ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಗಾಳಿ ಬೀಸಿದ ದಿನ ಆ ಬೂದಿ ಎಲ್ಲಿಗೆ ಬಂದು ಕೂರುತ್ತದೆ ಎಂಬುದನ್ನು ಮಿಲ್ಲಿನ ಸುತ್ತಮುತ್ತ ಮನೆ ಇರುವವರಿಗೆ ನಾನು ಹೇಳಬೇಕಾಗಿಲ್ಲ. ಒಣಹಾಕಿದ ಸಮವಸ್ತ್ರದ ಬಿಳಿ ಅಂಗಿಯ ಮೇಲೆ ಕಪ್ಪು ಚುಕ್ಕೆ ಬಿದ್ದಿರುತ್ತದೆ. ಮೆಲ್ಲಗೆ ಕೊಡವಿದರೆ ಉದುರುತ್ತದೆ, ಕೈಯಿಂದ ಒರೆಸಿದರೆ ಗೆರೆಯಾಗಿ ಬಟ್ಟೆಗೇ ಹತ್ತಿಕೊಳ್ಳುತ್ತದೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಅಂಥ ಗೆರೆಗಳಿರುವ ಅಂಗಿಗಳು ನನಗೆ ದಿನವೂ ಕಾಣಿಸುತ್ತವೆ.

ಇನ್ನು ಗದ್ದೆಯ ಹುಲ್ಲು. ಕಟಾವು ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಉಳಿಯುತ್ತದೆ, ಮುಂದಿನ ಬೆಳೆಯ ಅವಸರದಲ್ಲಿ ಬೆಂಕಿ ಬೀಳುತ್ತದೆ. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 3 ಕೆಜಿ ಸೂಕ್ಷ್ಮ ಕಣಗಳೂ 60 ಕೆಜಿ ಕಾರ್ಬನ್ ಮಾನಾಕ್ಸೈಡೂ ಗಾಳಿಗೆ ಸೇರುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಇಲ್ಲಿ ಹುಲ್ಲು ಉರಿಯುತ್ತಿರುವಾಗ ನಮ್ಮದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯ ರೈತರು ಬೇಸಿಗೆ ಬಂತೆಂದರೆ ಮೇವಿಗೆ ಪರದಾಡುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಇವುಗಳ ಜೊತೆಗೆ ಯಾರೂ ಬಿತ್ತದೆ ಬೆಳೆಯುವವು ಬೇರೆ ಇವೆ. ಉಪಕಾಲುವೆಯ ಬಾಯಿ ಕಟ್ಟುವ ಜೊಂಡು, ಕೆರೆ ಮುಚ್ಚುವ ಅಂತರಗಂಗೆ, ರಸ್ತೆಯ ಎರಡೂ ಬದಿಗೆ ಬಳ್ಳಾರಿ ಜಾಲಿ. ಈ ಜಾಲಿ ನಮ್ಮ ಪಕ್ಕದ ಜಿಲ್ಲೆಯ ಹೆಸರು ಹೊತ್ತಿದ್ದರೂ ಅದರ ತವರು ಅಮೆರಿಕ ಖಂಡ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತಕ್ಕೆ ತಂದು ನೆಟ್ಟದ್ದು. ಕುರಿ, ಮೇಕೆಗಳು ಕಾಯಿ ತಿಂದು ಹಿಕ್ಕೆಯ ಮೂಲಕ ಬೀಜ ಹರಡುತ್ತವೆ. ಕಡಿದಷ್ಟೂ ಚಿಗುರುತ್ತದೆ.

ಇಷ್ಟೆಲ್ಲ ನಮ್ಮ ಸುತ್ತಲೇ ಇರುವಾಗ ಇವುಗಳಿಂದ ಕೊಳೆ ನೀರನ್ನು ಶುದ್ಧ ಮಾಡಲು ಆಗುತ್ತದೆಯೇ, ಆದರೆ ಎಷ್ಟು ಎಂಬುದನ್ನು ಮಕ್ಕಳು ತಾವೇ ಮಾಡಿ ನೋಡಲಿ ಎಂದು ವಿಜ್ಞಾನ ಶಿಕ್ಷಕರು ಯೋಜಿಸಿದರು, ನಾನು ಒಪ್ಪಿದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಈ ಕೆಲಸ ನಡೆಯುತ್ತದೆ. ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಸೇರಿಸಿಲ್ಲ. ಪಾಠದ ಅವಧಿ ಒಂದೂ ಹೋಗುವುದಿಲ್ಲ.

ಅಲ್ಲಿ ನಡೆಯುವುದು ಇಷ್ಟು. ಶಿಕ್ಷಕರು ಒಣ ಹೊಟ್ಟನ್ನು ತಗಡಿನ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಒಂದು ಸಣ್ಣ ತೂತು ಮಾಡಿ, ಬಯಲಿನಲ್ಲಿ ಒಲೆಯ ಮೇಲೆ ಇಡುತ್ತಾರೆ. ತೂತಿನಿಂದ ಮೊದಲು ಬಿಳಿ ಹೊಗೆ ಬರುತ್ತದೆ, ಆಮೇಲೆ ಕಡಿಮೆಯಾಗುತ್ತ ನಿಲ್ಲುತ್ತದೆ. ಗಾಳಿ ಹೆಚ್ಚು ಸಿಗದೆ ಬೆಂದದ್ದರಿಂದ ಹೊಟ್ಟು ಬೂದಿಯಾಗದೆ, ಒಂದೊಂದು ಸಿಪ್ಪೆಯೂ ತನ್ನ ದೋಣಿಯಾಕಾರವನ್ನು ಉಳಿಸಿಕೊಂಡು ಕಪ್ಪಾಗಿ, ಗರಿಗರಿಯಾಗಿ ಸಿಗುತ್ತದೆ. ಡಬ್ಬಿ ಪೂರ್ತಿ ಆರುವವರೆಗೆ ಮುಚ್ಚಳ ತೆಗೆಯುವಂತಿಲ್ಲ. ಬಿಸಿಯಿರುವಾಗ ಗಾಳಿ ತಗುಲಿದರೆ ಮತ್ತೆ ಕೆಂಡವಾಗಿ ಬೂದಿಯಾಗಿಬಿಡುತ್ತದೆ. ಮಕ್ಕಳು ಈ ಇದ್ದಿಲನ್ನು ನಾಲ್ಕಾರು ಸಲ ತೊಳೆಯುತ್ತಾರೆ. ತೊಳೆದ ನೀರು ಮಸಿಯಂತೆ ಬರುವುದು ನಿಂತ ಮೇಲೆ, ಅಡಿ ಕತ್ತರಿಸಿ ತಲೆಕೆಳಗೆ ಮಾಡಿದ ನೀರಿನ ಬಾಟಲಿಗೆ ಮೊದಲು ಹತ್ತಿ, ಮೇಲೆ ತೊಳೆದ ಮರಳು, ಅದರ ಮೇಲೆ ಇದ್ದಿಲು ತುಂಬುತ್ತಾರೆ.

ಕೊಳೆ ನೀರಿನ ಬದಲಿಗೆ ಸೋಸಿ ನೋಡುವುದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರನ್ನು. ಆ ಬಣ್ಣ ಸೂಕ್ಷ್ಮದರ್ಶಕದಲ್ಲಿ ಜೀವಕೋಶ ತೋರಿಸಲು ನಮ್ಮ ಪ್ರಯೋಗಾಲಯದಲ್ಲಿ ಮೊದಲಿನಿಂದಲೂ ಇರುವಂಥದ್ದು. ಇಂಥ ಇದ್ದಿಲುಗಳ ಶಕ್ತಿ ಅಳೆಯಲು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಬಳಸುವುದೂ ಇದೇ ಬಣ್ಣವನ್ನು. ನೀಲಿ ನೀರು ಮೇಲಿನಿಂದ ಹೋಗಿ ಕೆಳಗೆ ಹನಿಹನಿಯಾಗಿ ತಿಳಿಯಾಗಿ ಬಂದಾಗ ಮಕ್ಕಳ ಮುಖ ನೋಡಬೇಕಿತ್ತು. ಸುಡದ ಹಸಿ ಹೊಟ್ಟನ್ನೂ ಪ್ರಯತ್ನಿಸಿದರು. ಅದು ಕೂಡ ಸ್ವಲ್ಪ ಬಣ್ಣ ಹಿಡಿಯಿತು, ಆದರೆ ನೀರಿಗೆ ತನ್ನದೇ ಹಳದಿ ಬಿಟ್ಟಿತು. ಜಾಲಿ ಇದ್ದಿಲನ್ನು ದಪ್ಪ ತುಂಡುಗಳಾಗಿ ಹಾಕಿದಾಗ ಬಣ್ಣ ಅರ್ಧ ಹಾಗೆಯೇ ಇಳಿದು ಬಂತು, ಅದನ್ನೇ ಕುಟ್ಟಿ ರವೆಯಷ್ಟು ಮಾಡಿ ಹಾಕಿದಾಗ ಚೆನ್ನಾಗಿ ತಡೆಯಿತು. ಇವನ್ನೆಲ್ಲ ಮಕ್ಕಳು ಒಂದು ವಹಿಯಲ್ಲಿ ಬರೆದಿಟ್ಟಿದ್ದಾರೆ. ಶಾಲೆಗೆ ಬಂದಾಗ ದಯವಿಟ್ಟು ಆ ವಹಿಯನ್ನು ಕೇಳಿ ನೋಡಿ.

ಇದ್ದಿಲಿಗೆ ಈ ಶಕ್ತಿ ಎಲ್ಲಿಂದ ಬಂತು? ಗಿಡದ ಮೈಯಲ್ಲಿರುವ ನೀರು ಮತ್ತು ಅನಿಲವಾಗುವ ಅಂಶಗಳೆಲ್ಲ ಬಿಸಿಗೆ ಹೊರಟುಹೋಗಿ, ಅವು ಬಿಟ್ಟ ಜಾಗ ಕಣ್ಣಿಗೆ ಕಾಣದ ರಂಧ್ರಗಳಾಗಿ ಉಳಿಯುತ್ತದೆ. ಕಾರ್ಖಾನೆಗಳಲ್ಲಿ ಹಬೆ ಅಥವಾ ರಾಸಾಯನಿಕಗಳಿಂದ ಆ ರಂಧ್ರಗಳನ್ನು ಇನ್ನೂ ತೆರೆದು ತಯಾರಿಸುವ ಇದ್ದಿಲಿನಲ್ಲಿ, ಒಂದೇ ಒಂದು ಗ್ರಾಂನ ಒಳಮೈಯನ್ನೆಲ್ಲ ಬಿಚ್ಚಿ ಹಾಸಿದರೆ 1000 ಚದರ ಮೀಟರ್‌ವರೆಗೂ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ, ಕಾಲು ಎಕರೆ ಹೊಲ. ಬಣ್ಣದ ಕಣಗಳು ಆ ಒಳಮೈಗೆ ಹೋಗಿ ಅಂಟಿಕೊಳ್ಳುತ್ತವೆ. ನಮ್ಮ ಡಬ್ಬಿಯ ಇದ್ದಿಲಿಗೆ ಅಷ್ಟು ವಿಸ್ತಾರ ಇರುವುದಿಲ್ಲ, ಆದರೆ ಕೆಲಸ ನಡೆಯುವ ರೀತಿ ಅದೇ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳ ಒಳಗಿದ್ದದ್ದೂ ಇಂಥದೇ ಇದ್ದಿಲು. 1918ರಲ್ಲಿ ಅದಕ್ಕಾಗಿ ಅಮೆರಿಕದ ಜನ, ಶಾಲಾ ಮಕ್ಕಳೂ ಸೇರಿ, ತಿಂದು ಬಿಸಾಡುವ ಪೀಚ್ ಹಣ್ಣಿನ ಗೊರಟೆಗಳನ್ನು ಒಟ್ಟುಗೂಡಿಸಿ ಕೊಟ್ಟರು. ಈ ಸಂಗತಿ ಹೇಳಿದ ದಿನ ತರಗತಿ ನಿಶ್ಶಬ್ದವಾಗಿ ಕೇಳಿತು.

ಬಳ್ಳಾರಿಯ ಜೀನ್ಸ್ ಕೆಲಸಕ್ಕೆ ನಮ್ಮೂರಿನಿಂದಲೂ ಕೆಲವರು ಹೋಗಿದ್ದೀರಿ. ಜೀನ್ಸ್ ತೊಳೆದ ಮೇಲೆ ಹೊರಬೀಳುವ ನೀಲಿ ನೀರನ್ನು ಕಣ್ಣಾರೆ ಕಂಡಿದ್ದೀರಿ. ಆ ನೀರನ್ನು ಹಳ್ಳಕ್ಕೆ ಬಿಡುವ ಮುನ್ನ ಶುದ್ಧಗೊಳಿಸುವ ಹಲವು ಹಂತಗಳಲ್ಲಿ ಇದ್ದಿಲಿನ ಹಂತವೂ ಒಂದು. ದುಬಾರಿ ಇದ್ದಿಲಿನ ಬದಲು ಹೊಟ್ಟು, ಹತ್ತಿ ಕಟ್ಟಿಗೆ, ಜಾಲಿಯಂಥವುಗಳಿಂದ ಅದನ್ನು ಮಾಡಲು ನಮ್ಮ ದೇಶದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಯುತ್ತಿದೆ. ನಮ್ಮ ಮಕ್ಕಳಲ್ಲಿ ಯಾರಾದರೂ ಮುಂದೆ ಆ ಕೆಲಸಕ್ಕೆ ಕೈಹಾಕಲಿ ಎಂಬ ಆಸೆ ನನಗಿದೆ, ಮುಚ್ಚಿಡುವುದಿಲ್ಲ.

ಒಂದು ಶನಿವಾರ ಬಾಟಲಿಯಿಂದ ಮತ್ತೆ ನೀಲಿ ನೀರೇ ಇಳಿಯತೊಡಗಿತು. ಇದ್ದಿಲು ತುಂಬಿಹೋಗಿತ್ತು, ಇನ್ನು ಹಿಡಿಯಲು ಅದರಲ್ಲಿ ಜಾಗ ಇರಲಿಲ್ಲ. ಆಗ ಎಂಟನೇ ತರಗತಿಯ ಒಬ್ಬಳು, ಹಾಗಾದರೆ ಈ ಇದ್ದಿಲನ್ನು ಎಲ್ಲಿ ಎಸೆಯುವುದು ಎಂದು ಕೇಳಿದಳು. ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಈ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ಕೊಳೆ ಮಾಯವಾಗಿರಲಿಲ್ಲ, ನೀರನ್ನು ಬಿಟ್ಟು ಇದ್ದಿಲಿಗೆ ದಾಟಿತ್ತು, ಅಷ್ಟೇ. ಅದನ್ನು ಹೊಲಕ್ಕೆ ಹಾಕಿದರೆ ಮಳೆಗೆ ಮತ್ತೆ ಮಣ್ಣಿಗಿಳಿಯಬಹುದು. ಅಂತರಗಂಗೆಯ ಕತೆಯೂ ಹೀಗೆಯೇ. ಅದರ ಬೇರು ಕೊಳಚೆ ನೀರಿನ ಸೀಸ, ಕ್ಯಾಡ್ಮಿಯಂಗಳನ್ನು ಹೀರಿಕೊಳ್ಳುತ್ತದೆ, ಹಾಗಾಗಿ ನೀರು ಶುದ್ಧ ಮಾಡಲು ಅದನ್ನೇ ಬೆಳೆಸುವ ಪದ್ಧತಿಯೂ ಇದೆ. ಆದರೆ ಅಂಥ ಕೊಳಚೆಯಲ್ಲಿ ಬೆಳೆದದ್ದನ್ನು ಕಿತ್ತು ದನಕ್ಕೆ ಹಾಕಿದರೆ, ಗೊಬ್ಬರ ಮಾಡಿ ತರಕಾರಿ ಮಡಿಗೆ ಸುರಿದರೆ, ಅದೇ ಲೋಹ ನಮ್ಮ ತಟ್ಟೆಗೆ ಬರುವ ಅಪಾಯವಿದೆ. ಶಾಲೆಯ ಬಳಸಿದ ಇದ್ದಿಲನ್ನು ಸದ್ಯ ಮುಚ್ಚಳದ ಬಕೆಟ್ಟಿನಲ್ಲಿ, ಚೀಟಿ ಅಂಟಿಸಿ ಇಟ್ಟಿದ್ದೇವೆ.

ಈಗ ಕೈಮುಗಿದು ಹೇಳುವ ಮಾತು. ಈ ಬಾಟಲಿಯಲ್ಲಿ ಸೋಸಿದ ನೀರನ್ನು ಯಾರೂ ಕುಡಿಯಬೇಡಿ, ಮಕ್ಕಳಿಗೂ ಕುಡಿಯಲು ಬಿಡಬೇಡಿ. ನೀರು ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ರೋಗಾಣು ಸತ್ತಿರುವುದಿಲ್ಲ. ನಮ್ಮ ಕಡೆಯ ಬೋರ್‌ವೆಲ್ ನೀರಿನ ದೊಡ್ಡ ತೊಂದರೆ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟಿಗಳಿಗೆ ಕಾರಣ ಅದೇ. ಇಂಥ ಸಾದಾ ಇದ್ದಿಲು ಅದನ್ನು ತಡೆಯಲಾರದು. ಇದನ್ನು ಮಕ್ಕಳ ವಹಿಯ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆಸಿದ್ದೇನೆ. ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ. ಬಲಿತು ಒಣಗಿದ ನುಗ್ಗೆಯ ಬೀಜದ ಪುಡಿ ಹಾಕಿ ಕಾಲುವೆಯ ರಾಡಿ ನೀರನ್ನು ತಿಳಿ ಮಾಡುವ ಪ್ರಯೋಗಕ್ಕೂ ಇದೇ ಮಾತು. ಬೀಜದಲ್ಲಿರುವ ಪ್ರೋಟೀನ್ ಮಣ್ಣಿನ ಕಣಗಳನ್ನು ಒಂದಕ್ಕೊಂದು ಕೂಡಿಸಿ ತಳಕ್ಕೆ ಇಳಿಸುತ್ತದೆ. ಮಡಕೆಯ ಒಳಗೆ ಚಿಲ್ಲದ ಬೀಜ ತೇಯುತ್ತಿದ್ದ ಹಿರಿಯರಿಗೆ ಇಂಥ ಉಪಾಯ ಗೊತ್ತಿತ್ತು. ಆದರೆ ಮಕ್ಕಳು ಮಾಡುವುದು ನೋಡಿ ಕಲಿಯಲಿಕ್ಕೆ, ಕುಡಿಯಲಿಕ್ಕಲ್ಲ.

ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಕಸ ಎನ್ನುವ ಗಿಡವನ್ನು ಯಾವ ಮಗುವೂ ಶಾಲೆಗೆ ತರಬಾರದು. ಅದರಿಂದಲೂ ಇದ್ದಿಲು ಮಾಡಿ ಬಣ್ಣ, ಲೋಹ ಹಿಡಿಸಿದ ಸಂಶೋಧಕರಿದ್ದಾರೆ, ಆದರೆ ಅದಕ್ಕೆ ಬಳಸುವ ಆಮ್ಲಗಳು ಶಾಲೆಗೆ ಸಲ್ಲುವಂಥವಲ್ಲ. ಆ ಗಿಡ ಮುಟ್ಟಿದರೆ ಚರ್ಮಕ್ಕೆ ತುರಿಕೆ, ಹೂವಿನ ಪರಾಗದಿಂದ ಕೆಲವರಿಗೆ ಉಬ್ಬಸ. ಮನೆಯ ಸುತ್ತ ಇದ್ದರೆ ದೊಡ್ಡವರೇ ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲು ಬೇರುಸಹಿತ ಕೀಳಿ. ಎಲೆಯ ಮೇಲೆ ಪಟ್ಟೆಪಟ್ಟೆಯ ಸಣ್ಣ ಜೀರುಂಡೆ ಕಂಡರೆ ಔಷಧ ಹೊಡೆಯಬೇಡಿ. ಆ ಗಿಡವನ್ನೇ ತಿಂದು ಬದುಕುವ ಹುಳು ಅದು. 1980ರ ದಶಕದಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ ಬಿಟ್ಟದ್ದು.

ಕಲ್ಲಿದ್ದಲಿನ ಬೂದಿಯನ್ನೂ ಕಳುಹಿಸಬೇಡಿ, ಅದರಲ್ಲಿ ವಿಷಕಾರಿ ಲೋಹಗಳಿರಬಹುದು. ಮಿಲ್ಲಿನ ಬೂದಿಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಅದನ್ನು ಒದ್ದೆ ಮಾಡಿಯೇ ಶಿಕ್ಷಕರು ಮುಟ್ಟುತ್ತಾರೆ. ಬೆಂಕಿಯ ಹತ್ತಿರ ಮಕ್ಕಳು ಹೋಗುವುದಿಲ್ಲ. ಜಾಲಿ ಮುಳ್ಳು ಕಡಿಯಲೂ ಅವರನ್ನು ಕಳುಹಿಸುವುದಿಲ್ಲ. ಇದ್ದಿಲನ್ನು ಭಟ್ಟಿಯವರಿಂದಲೇ ಕೊಳ್ಳುತ್ತೇವೆ.

ಕಸ ಮುಟ್ಟುವ ಕೆಲಸ ನಮ್ಮ ಮಕ್ಕಳಿಗೇಕೆ ಎಂದ ಪಾಲಕರಿಗೆ ಒಂದು ಮಾತು. ಇಲ್ಲಿ ಹೊಟ್ಟು ತೊಳೆಯುವುದು, ನೆಲ ಗುಡಿಸುವುದು, ಅಳತೆ ಬರೆಯುವುದು ಸರದಿಯ ಮೇಲೆ ಎಲ್ಲರ ಪಾಲಿಗೂ ಬರುತ್ತದೆ. ಗುಡಿಸಲು ಹುಡುಗಿಯರು, ಬರೆಯಲು ಹುಡುಗರು ಎಂಬುದಿಲ್ಲ. ಯಾವ ಓಣಿಯ ಮಗು ಎಂದೂ ಕೇಳುವುದಿಲ್ಲ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ನಿಮ್ಮಿಂದ ನನಗೆ ಬೇಕಾದದ್ದೂ ಇದೆ. ನಿಮ್ಮಲ್ಲಿ ಇದ್ದಿಲು ಭಟ್ಟಿಯಲ್ಲಿ ದುಡಿದವರಿದ್ದೀರಿ. ಮಣ್ಣು ಎಷ್ಟು ಮೆತ್ತಬೇಕು, ಹೊಗೆಯ ಬಣ್ಣ ನೋಡಿ ಬೆಂದದ್ದನ್ನು ಹೇಗೆ ತಿಳಿಯಬೇಕು ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವವರಿದ್ದೀರಿ, ಜೀನ್ಸ್ ಘಟಕದಲ್ಲಿ ಕೆಲಸ ಮಾಡಿ ಬಂದವರಿದ್ದೀರಿ. ಒಂದು ಶನಿವಾರ ಅರ್ಧ ಗಂಟೆ ಬಂದು ಮಕ್ಕಳ ಮುಂದೆ ಮಾತನಾಡಿ. ಶಾಲೆ ಓದಿಲ್ಲ ಎಂದು ಹಿಂಜರಿಯಬೇಡಿ, ಆ ದಿನ ನೀವೇ ಅವರಿಗೆ ಗುರುಗಳು.

ಕಟಾವು ಮುಗಿದ ಮೇಲೆ ಹುಲ್ಲಿಗೆ ಬೆಂಕಿ ಇಡುವ ಮುನ್ನ ಮೇವಿಗೆ ಕೇಳುವವರಿದ್ದಾರೆಯೇ ವಿಚಾರಿಸಿ. ಗದ್ದೆಯಲ್ಲೇ ಕೊಳೆಸುವ ಬಗ್ಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಯಂತ್ರದ ಬಾಡಿಗೆ, ಕೂಲಿ, ನೀರು ಬಿಡುವ ದಿನ ಎಲ್ಲವೂ ನಿಮ್ಮನ್ನು ಅವಸರಪಡಿಸುತ್ತವೆ ಎಂಬುದು ನನಗೆ ತಿಳಿದಿದೆ. ಬೇರೆ ದಾರಿಯೇ ಇಲ್ಲದಿದ್ದರೂ ಶಾಲೆಯ ಪಕ್ಕದ ಗದ್ದೆಗಳಲ್ಲಿ ಮಾತ್ರ ಸುಡಬೇಡಿ. ಉಬ್ಬಸವಿರುವ ಮಕ್ಕಳು ನಮ್ಮಲ್ಲಿದ್ದಾರೆ.

ಪತ್ರದ ಜೊತೆ ಒಪ್ಪಿಗೆ ಚೀಟಿ ಇದೆ. ಮಗುವಿಗೆ ಉಬ್ಬಸ, ಚರ್ಮದ ಅಲರ್ಜಿ ಏನಾದರೂ ಇದ್ದರೆ ಅದರಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿ ಶುಕ್ರವಾರದೊಳಗೆ ಕಳುಹಿಸಿ. ಒಪ್ಪಿಗೆ ಇಲ್ಲದಿದ್ದರೂ ತಿಳಿಸಿ. ಅಂಥ ಮಕ್ಕಳಿಗೆ ಆ ಹೊತ್ತಿನಲ್ಲಿ ಗ್ರಂಥಾಲಯ ತೆರೆದಿರುತ್ತದೆ, ಅಂಕಕ್ಕೆ ಯಾವ ಕೊರತೆಯೂ ಆಗುವುದಿಲ್ಲ. ಹೊಟ್ಟು ಕಳುಹಿಸುವವರು ಒಣಗಿದ್ದನ್ನು ಒಂದು ಸಣ್ಣ ಚೀಲದಷ್ಟು ಕಳುಹಿಸಿದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ